ಗಂಟಲಿಗೆ ಕನ್ನಡಿ ಹಿಡಿದ ಗುರು



ಆಗಮನ ಕಾಲದ ಈ ಭಾನುವಾರ ಲೂಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಓದಿದ್ದೇವೆ. ಜಕರೀಯನು ಯಾಜಕ. ದೇವಾಲಯದಲ್ಲಿ ಧೂಪ ಹಾಕಿ ಹೊರಗೆ ಬಂದು, ಕಾದು ನಿಂತ ಜನರನ್ನು ಬಾಯಿತುಂಬ ಹರಸಬೇಕಾದವನು. ಬಂದು ನಿಂತಾಗ ಅವನ ಬಾಯಿಂದ ಮಾತೇ ಹೊರಡಲಿಲ್ಲ. ಬರೀ ಕೈಸನ್ನೆ. ಕೂಸು ಹುಟ್ಟಿ, ಹೆಸರಿಡುವ ದಿನ ಹಲಗೆ ತರಿಸಿ ಅದರ ಮೇಲೆ ಯೋಹಾನನ ಹೆಸರು ಬರೆಯುವ ತನಕ ಅವನು ಹಾಗೇ ಇದ್ದ. ಮಗ ಹುಟ್ಟುವನೆಂದ ದೇವದೂತನ ಮಾತನ್ನು ನಂಬದೆ ಹೋದದ್ದಕ್ಕೆ ಬಂದ ಶಿಕ್ಷೆ ಅದು, ನಿಜ. ಆದರೆ ಅಷ್ಟು ತಿಂಗಳ ಮೌನದಲ್ಲಿ ಅವನಿಗೆ ಇನ್ನೊಂದು ಸಂಗತಿಯೂ ತಿಳಿದಿರಬೇಕು ಎಂದು ನಾನು ನಂಬುತ್ತೇನೆ. ದಿನವೂ ಬಳಸುತ್ತಿದ್ದ ಸ್ವರ ಅವನ ಸ್ವಂತ ಆಸ್ತಿಯಾಗಿರಲಿಲ್ಲ. ಕೊಟ್ಟವನು ಬೇರೆ ಇದ್ದ. ಅದಕ್ಕೇ ಇರಬೇಕು, ಸ್ವರ ಮರಳಿದ ಗಳಿಗೆಯಲ್ಲಿ ಅವನು ಮೊದಲು ಮಾಡಿದ್ದು ದೇವರ ಸ್ತೋತ್ರ.

ಇದೇ ಪಾಠವನ್ನು ಬೇರೆ ದಾರಿಯಿಂದ ಕಲಿತ ಒಬ್ಬ ಗುರುವಿನ ಬದುಕನ್ನು ಈ ದಿನ ನಿಮ್ಮ ಮುಂದೆ ಇಡುತ್ತೇನೆ. ಅವರ ಹೆಸರು ಮ್ಯಾನುಯೆಲ್ ಗಾರ್ಸಿಯಾ. 1805ರ ಮಾರ್ಚ್ 17ರಂದು ಸ್ಪೇನ್‌ನಲ್ಲಿ ಹುಟ್ಟಿದರು. ತಂದೆ ಯುರೋಪಿನಲ್ಲೆಲ್ಲ ಹೆಸರಾದ ಒಪೆರಾ ಗಾಯಕ. ತಂಗಿಯರಾದ ಮರಿಯಾ ಮಾಲಿಬ್ರಾನ್ ಮತ್ತು ಪಾಲಿನ್ ವಿಯಾರ್ಡೊ ಆ ಶತಮಾನದ ದೊಡ್ಡ ಗಾಯಕಿಯರು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗ ಹಾಡಲೇಬೇಕಲ್ಲವೇ? 1825ರಲ್ಲಿ ಕುಟುಂಬವೆಲ್ಲ ಹಡಗು ಹತ್ತಿ ನ್ಯೂಯಾರ್ಕಿಗೆ ಹೋಗಿ ಇಟಾಲಿಯನ್ ಒಪೆರಾ ಆಡಿತು. ಇಪ್ಪತ್ತರ ಹರೆಯದ ಮ್ಯಾನುಯೆಲ್ ಕೂಡ ರಂಗದ ಮೇಲೆ ನಿಂತರು. ಎಳೆಯ ಸ್ವರದ ಮೇಲೆ ಮಿತಿಮೀರಿದ ಭಾರ ಬಿತ್ತು. ಕೆಲವೇ ವರ್ಷಗಳಲ್ಲಿ ಸ್ವರ ಕೆಟ್ಟುಹೋಯಿತು. ಇಪ್ಪತ್ತೈದು ತುಂಬುವ ಹೊತ್ತಿಗೆ ರಂಗದ ಬದುಕು ಮುಗಿದಿತ್ತು.

ಹಾಡುವ ಮನೆತನದಲ್ಲಿ ಹಾಡಲಾರದವನಾಗಿ ಉಳಿಯುವ ನೋವನ್ನು ಒಮ್ಮೆ ಯೋಚಿಸಿ ನೋಡಿ. ಇನ್ನೊಬ್ಬರಾಗಿದ್ದರೆ ಹಾಡಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದರೇನೋ. ಇವರು ಫ್ರೆಂಚ್ ಸೈನ್ಯದ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ನಿಂತು ಗಂಟಲಿನ ರಚನೆಯನ್ನು ಕಲಿಯತೊಡಗಿದರು. ಅವರ ಶಿಷ್ಯ ಸ್ಟರ್ಲಿಂಗ್ ಮೆಕಿನ್ಲೆ ಬರೆದ ಜೀವನಚರಿತ್ರೆಯಲ್ಲಿ ಒಂದು ವಿವರವಿದೆ. ಗಾರ್ಸಿಯಾ ಕುರಿ, ಕೋಳಿ, ದನಗಳ ಗಂಟಲನಾಳಗಳನ್ನು ಮನೆಗೆ ತಂದು, ತಿದಿಯಿಂದ ಗಾಳಿ ಊದಿ, ಅವು ಹೊರಡಿಸುವ ಸದ್ದನ್ನು ಕೂತು ಕೇಳುತ್ತಿದ್ದರಂತೆ. ತನಗೆ ಹೀಗೇಕಾಯಿತು ಎಂದು ಅಳುವವರು ನಾವೆಲ್ಲರೂ. ಇದು ಹೇಗಾಗುತ್ತದೆ ಎಂದು ಹುಡುಕಲು ಎದ್ದು ನಿಲ್ಲುವವರು ಕೆಲವರೇ. 1840ರಲ್ಲಿ ಅವರು ಮನುಷ್ಯ ಸ್ವರದ ಬಗ್ಗೆ ಬರೆದ ಪ್ರಬಂಧ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂತು. ಮುಂದೆ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಪ್ರೊಫೆಸರ್ ಆದರು. 1848ರಿಂದ 1895ರವರೆಗೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಕಲಿಸಿದರು.

1841ರಲ್ಲಿ ಸ್ವೀಡನ್‌ನಿಂದ ಒಬ್ಬ ಹೆಣ್ಣುಮಗಳು ಅವರ ಬಾಗಿಲಿಗೆ ಬಂದಳು. ಹೆಸರು ಜೆನ್ನಿ ಲಿಂಡ್. ವಯಸ್ಸು ಇಪ್ಪತ್ತು. ಎಳವೆಯಿಂದಲೇ ರಂಗದ ಮೇಲೆ ಹಾಡಿ ಹಾಡಿ ಸ್ವರ ಸವೆದುಹೋಗಿತ್ತು. ಗಾರ್ಸಿಯಾ ಕೇಳಿ ನೋಡಿದರು. ಕಲಿಸುವುದಕ್ಕೆ ಸ್ವರವೇ ಉಳಿದಿಲ್ಲವೆಂದು ನೇರವಾಗಿ ಹೇಳಿಬಿಟ್ಟರು. ಹುಡುಗಿ ಕಣ್ಣೀರಿಟ್ಟಳು. ಆಗ ಅವರು ಕೊಟ್ಟ ಮದ್ದು ಮೌನ. ಆರು ವಾರ ಹಾಡಕೂಡದು, ಮಾತನ್ನೂ ಆದಷ್ಟು ಕಡಿಮೆ ಮಾಡಬೇಕು, ಆಮೇಲೆ ಬಾ ಎಂದರು. ಆಕೆ ಪಾಲಿಸಿದಳು, ಮರಳಿ ಬಂದಳು, ಮೊದಲಿನಿಂದ ಕಲಿತಳು. ಮುಂದೆ ಯುರೋಪು, ಅಮೆರಿಕಗಳೆರಡೂ ಕಿವಿಗೊಟ್ಟ ಆ ಸ್ವರ ಅಂಥದೊಂದು ಮೌನದಿಂದ ಎದ್ದು ಬಂದದ್ದು. ತನ್ನ ಗಳಿಕೆಯ ದೊಡ್ಡ ಪಾಲನ್ನು ಆಕೆ ಶಾಲೆಗಳಿಗೂ ಧರ್ಮಕಾರ್ಯಗಳಿಗೂ ಕೊಟ್ಟಳು. ತನ್ನ ಸ್ವರವನ್ನು ಉಳಿಸಿಕೊಳ್ಳಲಾಗದ ಗುರು ಇನ್ನೊಬ್ಬಳ ಸ್ವರವನ್ನು ಉಳಿಸಿಕೊಟ್ಟರು. ಅವರ ಬದುಕಿನಲ್ಲಿ ನನ್ನನ್ನು ಅತಿ ಹೆಚ್ಚು ತಟ್ಟುವುದು ಇದೇ.

ಆದರೂ ಒಂದು ಕೊರಗು ಅವರನ್ನು ಬಿಟ್ಟಿರಲಿಲ್ಲ. ಬದುಕಿರುವ ಮನುಷ್ಯ ಹಾಡುವಾಗ ಗಂಟಲೊಳಗೆ ಏನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕಿತ್ತು. 1854ರಲ್ಲಿ ಪ್ಯಾರಿಸಿನ ಪಾಲೆ ರೊಯಾಲ್ ಅಂಗಳದಲ್ಲಿ ನಡೆಯುತ್ತಿದ್ದಾಗ ಗಾಜಿನ ಮೇಲೆ ಬಿಸಿಲು ಮಿಂಚಿತು, ಅದರೊಂದಿಗೆ ಉಪಾಯವೂ ಹೊಳೆಯಿತು. ಉಪಕರಣ ಮಾರುವ ಅಂಗಡಿಗೆ ಹೋಗಿ ಉದ್ದ ಹಿಡಿಯ ದಂತವೈದ್ಯರ ಕನ್ನಡಿಯೊಂದನ್ನು ಆರು ಫ್ರಾಂಕ್ ಕೊಟ್ಟು ಕೊಂಡರು. ಅದನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಕಿರುನಾಲಿಗೆಗೆ ತಾಗಿಸಿ ಹಿಡಿದರು. ಇನ್ನೊಂದು ಕೈಯ ಕನ್ನಡಿಯಿಂದ ಬಿಸಿಲನ್ನು ಬಾಯೊಳಗೆ ಹಾಯಿಸಿದರು. ಎದುರಿಗೆ ಕಂಡದ್ದು ತಮ್ಮದೇ ಧ್ವನಿತಂತುಗಳು. ಉಸಿರೆಳೆದಾಗ ಅಗಲವಾಗಿ ತೆರೆಯುತ್ತಿದ್ದವು, ಸ್ವರ ತೆಗೆದಾಗ ಒಂದಕ್ಕೊಂದು ಕೂಡುತ್ತಿದ್ದವು. ಗಮನಿಸಿ, ಅವರು ಮೊದಲು ನೋಡಿದ್ದು ಶಿಷ್ಯರ ಗಂಟಲನ್ನಲ್ಲ, ತಾವು ಕೆಡಿಸಿಕೊಂಡಿದ್ದ ತಮ್ಮದೇ ಗಂಟಲನ್ನು. ಪ್ರಸಂಗ ಮಾಡುವ ನನ್ನಂಥವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪರರ ಕಣ್ಣಿನ ರವೆಯ ಬಗ್ಗೆ ಯೇಸು ಹೇಳಿದ್ದು ನಮಗೆ ಬಾಯಿಪಾಠ, ಆದರೆ ಮೊದಲು ನಮ್ಮೊಳಗೆ ಬೆಳಕು ಹಾಯಿಸಿ ನೋಡುವುದು ಇಂದಿಗೂ ರೂಢಿಯಾಗಿಲ್ಲ.

ಆ ಅವಲೋಕನ 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂತು. ಕೆಲ ವರ್ಷಗಳಲ್ಲೇ ವಿಯೆನ್ನಾದ ಲುಡ್ವಿಗ್ ಟರ್ಕ್ ಎಂಬ ವೈದ್ಯರು ಅಂಥದೇ ಕನ್ನಡಿಗಳನ್ನು ರೋಗಿಗಳ ಮೇಲೆ ಬಳಸಿದರು. ಚಳಿಗಾಲದಲ್ಲಿ ಬಿಸಿಲಿಲ್ಲದೆ ಅವರ ಕೆಲಸ ನಿಂತಿತು. ಯೋಹಾನ್ ಚೆರ್ಮಾಕ್ ಅವೇ ಕನ್ನಡಿಗಳನ್ನು ಎರವಲು ಪಡೆದು ದೀಪದ ಬೆಳಕಿನಲ್ಲಿ ಮುಂದುವರಿಸಿದರು. ಯಾರು ಮೊದಲು ಎಂದು ಅವರಿಬ್ಬರ ನಡುವೆ ದೊಡ್ಡ ಜಗಳವೇ ನಡೆಯಿತು. ಗಾರ್ಸಿಯಾ ಮಾತ್ರ ಪಾಠ ಹೇಳುತ್ತಾ ತಮ್ಮ ಪಾಡಿಗೆ ಇದ್ದರು. ಗಂಟಲಿನ ಗಂಟು, ಕ್ಯಾನ್ಸರ್, ಪಾರ್ಶ್ವವಾಯುಗಳನ್ನು ಕಣ್ಣಿಂದ ಕಂಡು ಹಿಡಿಯುವ ವಿದ್ಯೆ ಬೆಳೆದದ್ದು ಆ ಆರು ಫ್ರಾಂಕಿನ ಕನ್ನಡಿಯಿಂದ. 1905ರಲ್ಲಿ ಅವರಿಗೆ ನೂರು ತುಂಬಿದಾಗ ಹಲವು ದೇಶಗಳ ಗಂಟಲು ವೈದ್ಯರು ಲಂಡನ್ನಿಗೆ ಬಂದು ಸನ್ಮಾನಿಸಿದರು. ಮರುವರ್ಷ ಜುಲೈ 1ರಂದು ಅವರು ತೀರಿಕೊಂಡರು.

ಆ ವಿದ್ಯೆ ನಮ್ಮ ನಾಡಿಗೂ ತಲುಪಿದೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಸ್ವರ ಕೆಟ್ಟವರಿಗೆ ಅಲ್ಲಿ ಧ್ವನಿ ಚಿಕಿತ್ಸೆ ಸಿಗುತ್ತದೆ. ಕ್ಯಾನ್ಸರ್‌ನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡ ಬಡವರಿಗಾಗಿ ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅಗ್ಗದ ಬೆಲೆಯ ‘ಓಂ’ ಎಂಬ ಧ್ವನಿ ಸಾಧನವನ್ನು ರೂಪಿಸಿದ್ದಾರೆ. ಅದನ್ನು ಧರಿಸಿ ಮತ್ತೆ ಮಾತನಾಡುವವರ ಸ್ವರ ಮೊದಲಿನಂತೆ ಇರುವುದಿಲ್ಲ. ಅಂಥವರು ನಮ್ಮ ನಡುವೆ ಬಂದು ಕೂತರೆ ಮುಖ ಮುಖ ನೋಡಿಕೊಳ್ಳದೆ, ಅವಸರಪಡಿಸದೆ ಪೂರ್ತಿ ಕೇಳುವುದು ಸಭೆಯ ಕರ್ತವ್ಯ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಹೆಂಗಸರು ಮಾತನಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ, ಗಂಡಸರಲ್ಲಿ 100ರಿಂದ 120 ಸಲ. ಹಾಡುವಾಗ ಸ್ವರ ಏರಿದಷ್ಟೂ ಈ ಸಂಖ್ಯೆ ಏರುತ್ತದೆ. ಹಗಲೆಲ್ಲ ಐವತ್ತು ಅರವತ್ತು ಮಕ್ಕಳ ತರಗತಿಯಲ್ಲಿ ಕೂಗಿ ಪಾಠ ಮಾಡಿದ ಟೀಚರಮ್ಮ ಸಂಜೆ ಕ್ಯಾರಲ್ ಅಭ್ಯಾಸಕ್ಕೆ ಬರುತ್ತಾರೆ. ಮರುದಿನ ಚಳಿಯಲ್ಲಿ ಮನೆಮನೆಗೆ ಹೋಗಿ ಮಧ್ಯರಾತ್ರಿವರೆಗೂ ಹಾಡುತ್ತಾರೆ. ಗಂಟಲು ಕಟ್ಟಿದರೂ ದೇವರ ಸೇವೆಯೆಂದು ಬಿಡುವುದಿಲ್ಲ. ಅವರ ಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ದೇವರು ಕೊಟ್ಟದ್ದನ್ನು ಹರಿದು ಹಾಕಿ ದೇವರಿಗೇ ಅರ್ಪಿಸುವುದು ಸೇವೆಯಲ್ಲ. ಜಕರೀಯನನ್ನು ಅಷ್ಟು ತಿಂಗಳು ಸುಮ್ಮನಿರಿಸಿದ ದೇವರು ನಮ್ಮ ಒಂದು ವಾರದ ಮೌನಕ್ಕೆ ಬೇಸರಪಡುವವನಲ್ಲ.

ಆದ್ದರಿಂದ ಕ್ವಾಯರ್ ನಡೆಸುವವರಲ್ಲಿ ನನ್ನ ಬಿನ್ನಹ: ಅಭ್ಯಾಸದ ನಡುವೆ ಬಿಡುವು ಕೊಡಿ, ನೀರು ಇಡಿ, ಏರುಸ್ವರಕ್ಕೆ ಮಕ್ಕಳನ್ನು ಒತ್ತಾಯಿಸಬೇಡಿ. ಗಂಟಲು ಕಟ್ಟಿದವರು ಬಂದು ಕೂತು ಕೇಳಲಿ, ಹಾಡುವುದು ಬೇಡ. ಯಾರೂ ಅವರನ್ನು ಮೈಗಳ್ಳರೆನ್ನಬೇಡಿ. ಮೂರು ವಾರ ಕಳೆದರೂ ಸ್ವರ ಸರಿಹೋಗದಿದ್ದರೆ, ಅದರಲ್ಲೂ ಬೀಡಿ ಸಿಗರೇಟು ಸೇದುವ ಅಣ್ಣಂದಿರೇ, ಕ್ರಿಸ್ಮಸ್ ಮುಗಿಯಲಿ ಎಂದು ಕಾಯದೆ ಕಿವಿ ಮೂಗು ಗಂಟಲು ವೈದ್ಯರನ್ನು ಕಾಣಿರಿ. ಒಬ್ಬರೇ ಹೋಗಲು ಅಳುಕಾದರೆ ನನಗೆ ಹೇಳಿ, ನಾನು ಜೊತೆಗೆ ಬರುತ್ತೇನೆ.