ಲೆಕ್ಕದ ಕಾಯಕ

ಹಲವರ ಲೆಕ್ಕವನ್ನು ಸ್ವತಂತ್ರವಾಗಿ ಪರಿಶೋಧಿಸುತ್ತಿದ್ದ ಶಿಡ್ಲಘಟ್ಟದ ತರುಣನು ಗೌರಿಬಿದನೂರಿನ ಕಾರ್ಖಾನೆಯನ್ನು ಸೇರಿ, ಒಬ್ಬನೇ ಧಣಿಯ ಲೆಕ್ಕವನ್ನು ಬರೆಯುತ್ತ, 'ಕೆಟ್ಟೆ'ನೆಂದು ಕೊರಗುವುದುಂಟು. ಬಸವಣ್ಣನವರೂ ಬಿಜ್ಜಳನಲ್ಲಿ ಕರಣಿಕರಾಗಿದ್ದು ಭಂಡಾರಿಗಳಾದವರಲ್ಲವೇ? ಅನ್ಯರ ಸೇವೆಯೆಂಬುದರಿಂದಲೇ ಕಾಯಕಕ್ಕೆ ಕುಂದಿಲ್ಲ. ಕೊರಗು ಯಾವುದರದೆಂಬುದನ್ನು ಮೊದಲು ವಿವೇಚಿಸತಕ್ಕದ್ದು. ಬಾಗಿಲ ಮೇಲಿನ ಹೆಸರಿನ ಫಲಕ ಹೋಯಿತೆಂಬುದಾದರೆ ಅದು ಅಹಂಕಾರದ ನೋವು; ನಮಗದರಲ್ಲಿ ಕನಿಕರ ಕಡಿಮೆ. ಸುಳ್ಳು ಲೆಕ್ಕಕ್ಕೆ ಸಹಿ ಹಾಕೆಂದು ಧಣಿಯು ಒತ್ತಾಯಿಸುತ್ತಿದ್ದರೆ ಅದು ಅರಿವಿನ ನೋವು, ಅದನ್ನು ಅಡಗಿಸಲಾಗದು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯಂತೆ ಸ್ವತಂತ್ರ ವೃತ್ತಿಗೆ ಸಂಸ್ಥೆಯ ಪ್ರಮಾಣಪತ್ರ ಬೇಕು. ಅದನ್ನು ಒಪ್ಪಿಸಿ ನೌಕರಿಗೆ ಹೋದ ಸದಸ್ಯನು ಪುನಃ ಅರ್ಜಿಯಿಟ್ಟು ಪಡೆಯಬಹುದು. ಬಾಗಿಲು ಮುಚ್ಚಿಲ್ಲ. ಕಕ್ಷಿದಾರರನ್ನು ಮಾತ್ರ ಮೊದಲಿನಿಂದ ಕೂಡಿಸಬೇಕು, ಅಲ್ಲಿಯವರೆಗೆ ಮನೆಯ ಖರ್ಚು ಇಳಿಯಬೇಕು. ಆ ಮಾತನ್ನು ಮಡದಿಯೊಡನೆ ಇಂದೇ ಆಡಲಿ.