‘ನಾನು’ ಎಂದರೆ ಯಾರು?

ಕನ್ನಡ ಮೇಷ್ಟರ ಮನೆಗೆ ಜನ ಹುಡುಕಿಕೊಂಡು ಬರುವ ಸಂದರ್ಭಗಳು ಎರಡೇ: ಮಗುವಿಗೆ ಹೆಸರು ಇಡಬೇಕಾದಾಗ, ಮತ್ತು ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಹಿಂದಿನ ದಿನ. ‘ಶುಭಾಶಯ’ಕ್ಕೆ ಯಾವ ಶಕಾರ, ‘ಕೋಟ್ಯಂತರ’ ಸರಿಯೋ ‘ಕೋಟ್ಯಾಂತರ’ ಸರಿಯೋ, ‘ಉಚ್ಚಾರ’ದಲ್ಲಿ ಮಹಾಪ್ರಾಣ ಉಂಟೋ ಇಲ್ಲವೋ—ಕೇಳುವವರಿಗೆ ಇವೆಲ್ಲ ಮಾನದ ಪ್ರಶ್ನೆಗಳು. ತಪ್ಪಿದರೆ ಬೀಗರು ನಕ್ಕಾರು ಎಂಬ ಅಂಜಿಕೆ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ಬಹುಕಾಲ ‘ಪ್ರಜಾವಾಣಿ’ಯಲ್ಲಿ ನಡೆಸಿದ ‘ಇಗೋ ಕನ್ನಡ’ ಅಂಕಣ ಓದುಗರ ಇಂಥ ಸಂದೇಹಗಳಿಗೇ ಮೀಸಲಾಗಿತ್ತು. 2021ರಲ್ಲಿ, 107 ವರ್ಷ ತುಂಬಿದ್ದ ಆ ಹಿರಿಯರು ತೀರಿಕೊಂಡರು. ಸಂದೇಹಗಳು ಇನ್ನೂ ತೀರಿಲ್ಲ.

ಆದರೆ ಈ ಚಿಕ್ಕ ಸಂದೇಹಗಳ ಬೆನ್ನಿಗೆ ದೊಡ್ಡದೊಂದು ಪ್ರಶ್ನೆ ಅಂಟಿಕೊಂಡಿದೆ. ವ್ಯಾಕರಣ ತಪ್ಪುವುದು ನಿಜವಾಗಿಯೂ ತಪ್ಪೆ? ಸುಳ್ಳಾಡುವುದು ತಪ್ಪು, ಕೊಟ್ಟ ಮಾತಿಗೆ ನಡೆಯದಿರುವುದು ತಪ್ಪು ಎನ್ನುತ್ತೇವಲ್ಲ, ಆ ಅರ್ಥದಲ್ಲಿ ಕೇಳುತ್ತಿದ್ದೇನೆ. ನಮ್ಮ ನುಡಿಯಲ್ಲಂತೂ ಕಾಗುಣಿತದ ದೋಷಕ್ಕೂ ನಡತೆಯ ದೋಷಕ್ಕೂ ಇರುವುದು ಒಂದೇ ಶಬ್ದ. ದೇವರಿಗೆ ತಪ್ಪುಕಾಣಿಕೆ ಕಟ್ಟುವ ಜನ ನಾವು. ಶಾಲೆಯ ಹುಡುಗ ಒತ್ತಕ್ಷರ ಬಿಟ್ಟರೂ ಅದೇ ಮುಖ ಮಾಡಿಕೊಂಡು ಗದರುತ್ತೇವೆ.

ಈ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆಯಾದರೂ, ಅದಕ್ಕೊಂದು ಹಿಡಿ ಸಿಕ್ಕಿದ್ದು ಸಾಲಗಾಮೆಯ ಕಡೆಯಿಂದ ಬಂದ ಒಂದು ಕಾಗದದಲ್ಲಿ. ಆ ಹೋಬಳಿಯ ಹಳ್ಳಿಯೊಂದರಿಂದ ದಿನವೂ ಬಸ್ಸು ಹಿಡಿದು ಹಾಸನಕ್ಕೆ ಓದಲು ಬರುವ ಹುಡುಗಿ ಅದನ್ನು ತಂದು ನನ್ನ ಮುಂದಿಟ್ಟಳು. ಅವಳ ಅಜ್ಜಿ ಮೂವರು ಗಂಡುಮಕ್ಕಳನ್ನು ಕೂರಿಸಿಕೊಂಡು ಹೊಲದ ವಿಚಾರ ಇತ್ಯರ್ಥ ಮಾಡಿದ್ದರು. ಊರಿನ ಹಿರಿಯರೊಬ್ಬರು ಅದನ್ನು ಬರಹಕ್ಕೆ ಇಳಿಸಿಕೊಟ್ಟಿದ್ದರು. ಹೆಬ್ಬೆಟ್ಟು ಒತ್ತುವ ಮೊದಲು ‘ಕನ್ನಡ ಸರಿಯಾಗಿದೆಯೇ ಮೇಷ್ಟರಿಗೆ ತೋರಿಸಿಕೊಂಡು ಬಾ’ ಎಂದು ಮೊಮ್ಮಗಳನ್ನು ಕಳುಹಿಸಿದ್ದರು.

ಅಜ್ಜಿ ಬಾಯಲ್ಲಿ ಹೇಳಿದ್ದು, ಪಕ್ಕದಲ್ಲೇ ಕುಳಿತಿದ್ದ ಹುಡುಗಿಯ ಪ್ರಕಾರ, ಇಷ್ಟು: ‘ನಾನಿರೋ ಗಂಟ ಹೊಲ ನೋಡ್ಕತೀನಿ ಅಂತ ದೊಡ್ಡೋನು ಒಪ್ಪವ್ನೆ.’ ಕಾಗದದ ಮೇಲೆ ಇದ್ದದ್ದು: ‘ನಾನು ಇರುವವರೆಗೂ ಹೊಲವನ್ನು ನೋಡಿಕೊಳ್ಳುತ್ತೇನೆ ಎಂದು ನನ್ನ ಹಿರಿಯ ಮಗನು ಒಪ್ಪಿರುತ್ತಾನೆ.’ ಗಂಟ ಹೋಗಿ ವರೆಗೂ ಬಂದಿದೆ. ದ್ವಿತೀಯಾ ವಿಭಕ್ತಿ ತನ್ನ ಜಾಗದಲ್ಲಿ ಕುಳಿತಿದೆ. ‘ಒಪ್ಪವ್ನೆ’ ಮಡಿಯುಟ್ಟು ‘ಒಪ್ಪಿರುತ್ತಾನೆ’ ಆಗಿದೆ. ಪರೀಕ್ಷೆಯ ಉತ್ತರವಾಗಿದ್ದರೆ ಒಂದು ಅಂಕವನ್ನೂ ಕಳೆಯುವಂತಿರಲಿಲ್ಲ.

ಆದರೆ ಮೊದಲ ಶಬ್ದ ಯಾರದು? ಆ ‘ನಾನು’ ಮಗನದಾದರೆ, ಅವನು ಬದುಕಿರುವಷ್ಟು ಕಾಲ ಹೊಲ ಅವನ ಕೈಯಲ್ಲಿರುತ್ತದೆ. ತಾಯಿಯದಾದರೆ, ಆಕೆಯ ಉಸಿರು ನಿಂತ ದಿನ ಏರ್ಪಾಡು ಮುಗಿದು, ಹೊಲ ಮೂರು ಪಾಲಿಗೆ ಬರುತ್ತದೆ. ಚಿಕ್ಕ ಮಕ್ಕಳಿಬ್ಬರ ಅನ್ನ ನಿಂತಿದ್ದದ್ದು ಉದ್ಧರಣ ಚಿಹ್ನೆ ಎಲ್ಲಿ ಆರಂಭವಾಗಬೇಕು ಎಂಬುದರ ಮೇಲೆ. ಇಂಗ್ಲಿಷಿನವರಿಗೆ ಮಾತಿನ ಎರಡು ತುದಿಗೂ ಗುರುತು ಬೇಕು. ನಮಗೆ ‘ಎಂದು’ ಎಂಬ ಪುಟ್ಟ ಅವ್ಯಯ ಇದೆ. ಇನ್ನೊಬ್ಬರ ಮಾತು ಇಲ್ಲಿಗೆ ಮುಗಿಯಿತು ಎಂದು ಅದು ಸಾರುತ್ತದೆ. ಎಲ್ಲಿ ಶುರುವಾಯಿತೆಂಬುದನ್ನು ಮಾತ್ರ ಹೇಳುವುದಿಲ್ಲ. ಬಾಯಲ್ಲಿ ಹೇಳುವಾಗ ಅಜ್ಜಿ ‘ಗಂಟ’ದ ಬಳಿ ಒಂದು ಕ್ಷಣ ನಿಂತಿರಬೇಕು, ಆ ನಿಲುಗಡೆಯೇ ಅರ್ಥ. ಕಾಗದಕ್ಕೆ ಬರುವಾಗ ಅದೊಂದು ಬಿಟ್ಟುಹೋಯಿತು.

ಹುಡುಗಿ ಅಲ್ಲಿಂದಲೇ ಮನೆಗೆ ಫೋನು ಮಾಡಿದಳು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: ‘ನಾನು ಅಂದ್ರೆ ನಾನೇ ಕಣವ್ವ! ಅವನೆಲ್ಲಿಂದ ಬಂದ?’ ವೇದಾಂತಿಗಳು ಶತಮಾನಗಟ್ಟಲೆ ತಿಣುಕಿದ ಪ್ರಶ್ನೆಯನ್ನು ಆಕೆ ಅರೆಗಳಿಗೆಯಲ್ಲಿ ಬಗೆಹರಿಸಿದರು. ಕಾಗದದಲ್ಲಿ ‘ನನ್ನ ಜೀವಮಾನ ಇರುವವರೆಗೆ ಮಾತ್ರ’ ಎಂದು ಬರೆಯಿಸಿ, ಉಳಿದದ್ದನ್ನು ವಕೀಲರಿಗೆ ತೋರಿಸಿ ಎಂದು ಹೇಳಿ ಕಳುಹಿಸಿದೆ.

ಬರೆದುಕೊಟ್ಟ ಹಿರಿಯರಲ್ಲಿ ಯಾವ ಕಪಟವೂ ಇರಲಿಲ್ಲ. ಅವರು ಬಹಳ ಎಚ್ಚರಿಕೆಯಿಂದ ಬರೆದಿದ್ದರು. ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಎಚ್ಚರಿಕೆಯೇ. ಯಾರಿಗೂ ಅಪಾರ್ಥವಾಗಲಾರದ ಮೂರು ನಾಲ್ಕು ಶಬ್ದಗಳನ್ನು ಅವರು ತಿದ್ದಿದರು, ಏಕೆಂದರೆ ಅವು ನಾಚಿಕೆ ತರುವಂಥವು. ಅಪಾರ್ಥವಾಗಬಹುದಾಗಿದ್ದ ಒಂದೇ ಶಬ್ದವನ್ನು ವಿಚಾರಿಸದೆ ಬಿಟ್ಟರು, ಏಕೆಂದರೆ ಅದು ನೋಡಲು ಸಭ್ಯವಾಗಿತ್ತು. ಇನ್ನೊಬ್ಬರ ಪರವಾಗಿ ಬರೆಯುವವನ ಕೈಯಲ್ಲಿ ಅವರ ‘ನಾನು’ ಇಡುಗಂಟಾಗಿ ಇರುತ್ತದೆ. ಅದನ್ನು ಎಲ್ಲಿಟ್ಟೆ ಎಂದು ವಿಚಾರಿಸದಿರುವುದನ್ನು ಬರಿಯ ಅಜಾಗರೂಕತೆ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

‘ಹಾಗಾದರೆ ವಿರಾಮ ಚಿಹ್ನೆಗಳೇ ಇಲ್ಲದ ಕಾಲದಲ್ಲಿ ಜನ ಹೇಗೆ ಬದುಕಿದರು?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಐದನೆಯ ಶತಮಾನದ್ದೆಂದು ಎಣಿಸುತ್ತಾರೆ. ಅದೂ ಒಂದು ದಾನಪತ್ರವೇ. ಹದಿನಾರು ಸಾಲಿನ ಆ ಬರಹದಲ್ಲಿ ಶಬ್ದ ಶಬ್ದಗಳ ನಡುವೆ ತೆರಪೂ ಇಲ್ಲ. ಎಲ್ಲಿ ಬಿಡಿಸಿ ಓದಬೇಕೆಂದು ಪಂಡಿತರು ಚರ್ಚಿಸುತ್ತಲೇ ಬಂದಿದ್ದಾರೆ. ಹದಿಮೂರನೆಯ ಶತಮಾನದ ಕೇಶಿರಾಜ ಸಂಧಿ ಸಮಾಸಗಳನ್ನು ಅಷ್ಟು ವಿಸ್ತಾರವಾಗಿ ಹೇಳಿಯೂ ಅಲ್ಪವಿರಾಮದ ಸುದ್ದಿ ಎತ್ತುವುದಿಲ್ಲ. ಅದು ನಮ್ಮಲ್ಲಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅಚ್ಚಿನ ಮೊಳೆಗಳ ಜೊತೆ, ಇಂಗ್ಲಿಷಿನ ಕೈ ಹಿಡಿದುಕೊಂಡು. ಅದಕ್ಕೆ ಮೊದಲು ಆ ಕೆಲಸವನ್ನು ಪ್ರತ್ಯಯಗಳು ಮಾಡುತ್ತಿದ್ದವು, ಓದಿ ಹೇಳುವವರ ಕಂಠ ಮಾಡುತ್ತಿತ್ತು. ಹಿಂದಿಯವರು ‘ರೋಕೋ ಮತ್ ಜಾನೇ ದೋ’ ಎಂಬ ವಾಕ್ಯದಲ್ಲಿ ಅಲ್ಪವಿರಾಮ ಇತ್ತಿಂದತ್ತ ಸರಿದರೆ ಅರ್ಥ ಬುಡಮೇಲಾಗುವ ತಮಾಷೆಯನ್ನು ಮಕ್ಕಳಿಗೆ ತೋರಿಸುತ್ತಾರೆ. ಕನ್ನಡದಲ್ಲಿ ಆ ತಮಾಷೆ ನಡೆಯದು. ನಮ್ಮ ‘ಬೇಡ’ ತನ್ನ ಕ್ರಿಯಾಪದವನ್ನು ಬಿಟ್ಟು ಕದಲುವುದಿಲ್ಲ.

ಅಮೆರಿಕದ ಮೇಯ್ನ್ ರಾಜ್ಯದ ಒಂದು ಮೊಕದ್ದಮೆ ಇಲ್ಲಿ ನೆನಪಾಗುತ್ತದೆ. ಓಕ್‌ಹರ್ಸ್ಟ್ ಎಂಬ ಹಾಲಿನ ಕಂಪನಿಯ ಲಾರಿ ಚಾಲಕರು ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಕೂಲಿ ಕೇಳಿದರು. ಯಾವ ಯಾವ ಕೆಲಸಗಳಿಗೆ ಆ ಕೂಲಿ ಇಲ್ಲವೆಂದು ಕಾನೂನಿನಲ್ಲಿ ಒಂದು ಪಟ್ಟಿಯಿತ್ತು. ಅದರ ಕೊನೆಯಲ್ಲಿ ‘ಸಾಗಣೆಗಾಗಿ ಕಟ್ಟುವುದು ಅಥವಾ ಹಂಚುವುದು’ ಎಂಬರ್ಥದ ಮಾತು, ನಡುವೆ ಅಲ್ಪವಿರಾಮವಿಲ್ಲದೆ ನಿಂತಿತ್ತು. ಹಂಚುವುದು ಬೇರೆಯೇ ಕೆಲಸವೋ, ಅಥವಾ ‘ಸಾಗಣೆಗೋ ಹಂಚಿಕೆಗೋ ಕಟ್ಟುವುದು’ ಎಂಬ ಒಂದೇ ಕೆಲಸವೋ? ಚಾಲಕರು ಹಂಚುತ್ತಿದ್ದರು, ಕಟ್ಟುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ಹೇಳಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಕನ್ನಡದಲ್ಲಿ ‘ಕಟ್ಟುವುದಾಗಲಿ ಹಂಚುವುದಾಗಲಿ’ ಎಂದು ಬರೆದಿದ್ದರೆ ಲಾಯರುಗಳಿಗೆ ಕೆಲಸವೇ ಇರುತ್ತಿರಲಿಲ್ಲ. ನಮ್ಮ ಕಚೇರಿಗಳ ಕನ್ನಡ ‘ಆಗಲಿ’ಯನ್ನು ಮರೆತು ‘ಅಥವಾ’, ‘ಮತ್ತು’ಗಳ ಹಿಂದೆ ಓಡುತ್ತಿರುವುದನ್ನು ಕಂಡಾಗ ಈ ಕಥೆ ಹೇಳಬೇಕೆನಿಸುತ್ತದೆ.

ಇಷ್ಟರಿಂದ ‘ಗಂಟ’ವೇ ಸರಿ, ‘ವರೆಗೆ’ ಆಡಂಬರ ಎಂದು ನಾನು ವಾದಿಸುತ್ತಿಲ್ಲ. ಹಾಸನದ ‘ಗಂಟ’ ಧಾರವಾಡದಲ್ಲಿ ‘ಮಟ’ ಆಗುತ್ತದೆ. ಇಬ್ಬರೂ ಓದಬೇಕಾದ ಕಡೆ ‘ವರೆಗೆ’ ಬೇಕು. ಗ್ರಂಥಸ್ಥ ಭಾಷೆಯ ಸಮರ್ಥನೆ ಅದರ ಶುದ್ಧತೆಯಲ್ಲಿಲ್ಲ, ದೂರದವರಿಗೆ ಅದು ತೋರುವ ದಾಕ್ಷಿಣ್ಯದಲ್ಲಿದೆ. ಶುದ್ಧತೆಯ ಮಾತಿಗೆ ಬಂದರೆ, ನಾವು ಕುಡಿಯುವ ‘ಹಾಲು’ ಹಳಗನ್ನಡದಲ್ಲಿ ‘ಪಾಲು’ ಆಗಿತ್ತು. ಪಕಾರ ಹಕಾರವಾದಾಗ ಮೂಗು ಮುರಿದ ಪಂಡಿತರೂ ಇದ್ದಿರಬೇಕು. ಈಗ ಹಳ್ಳಿಯ ಹುಡುಗ ‘ಆಲು’ ಎಂದರೆ ಮೂಗು ಮುರಿಯುವ ಸರದಿ ನಮ್ಮದು.

ಕಷ್ಟವಿರುವುದು ತರಗತಿಯಲ್ಲಿ. ‘ಆಲು’ ಎಂದು ಬರೆದ ಹುಡುಗನಿಗೂ ಕೆಂಪು ಗೆರೆ, ಯಾರ ಮಾತು ಯಾರದೆಂದು ತಿಳಿಯದಂತೆ ಬರೆದವನಿಗೂ ಕೆಂಪು ಗೆರೆ. ಎಷ್ಟೋ ಸಲ ಎರಡನೆಯವನಿಗೆ ಗೆರೆಯೇ ಇಲ್ಲ. ಮೊದಲನೆಯವನು ಯಾರನ್ನೂ ವಂಚಿಸಿಲ್ಲ, ತನ್ನ ಮನೆಯ ಮಾತನ್ನು ತಂದಿದ್ದಾನೆ ಅಷ್ಟೆ. ಅವನಿಗೆ ‘ಇದು ಇಲ್ಲಿಯ ರೂಢಿ, ಕಲಿತುಕೊ’ ಎಂದು ಹೇಳಬೇಕು. ‘ಇದು ತಪ್ಪು’ ಎಂಬ ದೊಡ್ಡ ಮಾತನ್ನು ಇನ್ನೊಬ್ಬನಿಗಾಗಿ ಉಳಿಸಿಕೊಳ್ಳಬೇಕು. ರೂಢಿಯನ್ನು ಕಲಿಸದೆ ಬಿಟ್ಟರೆ ನಾಳೆ ಕೆಲಸ ಕೇಳಲು ಹೋದಲ್ಲಿ ಅವನೇ ಪೆಟ್ಟು ತಿನ್ನುತ್ತಾನೆ, ಆದ್ದರಿಂದ ಸುಮ್ಮನಿರುವಂತೆಯೂ ಇಲ್ಲ.

ಈಗ ನಾನು ಮನೆಪಾಠದ ಬರಹಗಳನ್ನು ಎರಡು ಬಣ್ಣದಲ್ಲಿ ತಿದ್ದುತ್ತೇನೆ: ರೂಢಿಗೆ ಪೆನ್ಸಿಲು, ಅರ್ಥಕ್ಕೆ ಕೆಂಪು. ಪೆನ್ಸಿಲಿನ ಗುರುತು ಬೇಗ ಮುಗಿಯುತ್ತದೆ. ಕೆಂಪು ಹಾಕುವ ಮೊದಲು ಬರೆದವರನ್ನು ಕರೆದು ‘ಇಲ್ಲಿ ನಾನು ಎಂದರೆ ಯಾರಪ್ಪ?’ ಎಂದು ಕೇಳಬೇಕಾಗುತ್ತದೆ. ಹೀಗಾಗಿ ಒಂದು ಕಟ್ಟಿಗೆ ಎರಡು ದಿನ ಹೆಚ್ಚು ಹಿಡಿಯುತ್ತದೆ. ಮೌಲ್ಯಮಾಪನ ಕೇಂದ್ರದಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಬರೆದವರು ಯಾರೆಂದೇ ತಿಳಿಯದು.