ತಂದೆತನದ ಮೊದಲು

ಗಂಡಸು ತಂದೆಯಾಗುವುದು ಯಾವಾಗ? ಮಗು ಹುಟ್ಟಿದ ಗಳಿಗೆಯಲ್ಲಿ ಎಂಬುದು ಸಾಮಾನ್ಯವಾದ ಉತ್ತರ. ಅದು ಪೂರ್ಣವಾದ ಉತ್ತರವಲ್ಲವೆಂದು ನಮಗೆ ತೋರುತ್ತದೆ. ತಾಯ್ತನವು ಒಡಲಿನಲ್ಲಿಯೇ ಬೆಳೆಯುತ್ತದೆ. ತಂದೆತನಕ್ಕೆ ಅಂತಹ ನೆಲೆಯಿಲ್ಲ. ಅದು ಬೇರೂರಬೇಕಾದ ನೆಲವೆಂದರೆ ದಂಪತಿಗಳ ಪರಸ್ಪರ ವಿಶ್ವಾಸ.

ನಮ್ಮ ದೇವಾಲದಿಂದ ಘಟ್ಟವೇರಿದರೆ ಬಡಗರ ಹಟ್ಟಿಗಳುಂಟು. ಅವರ 'ಕಣ್ಣಿ ಹಾಕುವ' ಶಾಸ್ತ್ರವನ್ನು ಎಡ್ಗರ್ ಥರ್ಸ್ಟನ್ನನು 1909ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಚೊಚ್ಚಲ ಬಸುರಿನ ಏಳನೆಯ ತಿಂಗಳಲ್ಲಿ ಗಂಡನು ನೆಂಟರಿಷ್ಟರ ಮುಂದೆ ಮಾವನ ಅಪ್ಪಣೆ ಬೇಡಿ ಹೆಂಡತಿಯ ಕೊರಳಿಗೆ ನೂಲನ್ನು ಹಾಕುತ್ತಿದ್ದನು. ಮದುವೆಯು ಗಟ್ಟಿಯಾಗುತ್ತಿದ್ದುದು ಆಮೇಲೆಯೇ. ಗೃಹ್ಯಸೂತ್ರಗಳ ಸೀಮಂತೋನ್ನಯನದಲ್ಲಿಯೂ ಬಸುರಿಯ ಬೈತಲೆ ತೆಗೆಯುವವನು ಗಂಡನೇ. ಹುಟ್ಟಲಿರುವ ಮಗುವಿನ ಮುಂದೆ ದಾಂಪತ್ಯವನ್ನು ಮತ್ತೊಮ್ಮೆ ಒಪ್ಪಿಕೊಳ್ಳಬೇಕೆಂಬುದು ಇವುಗಳ ಅಭಿಪ್ರಾಯವಿರಬೇಕು.

ಇಂದಿನ ಬಳೆ ತೊಡಿಸುವ ಶಾಸ್ತ್ರದಲ್ಲಿ ಗಂಡನು ಬಹುಮಟ್ಟಿಗೆ ಪ್ರೇಕ್ಷಕ. ಮುಂದೆ ಹೆಂಡತಿಯು ತವರಿಗೆ ಹೋದರೆ, ಆತನು ತೊಟ್ಟಿಲ ಶಾಸ್ತ್ರಕ್ಕೆ ಅತಿಥಿಯಂತೆ ಬರುತ್ತಾನೆ. ಬಾಣಂತಿಯ ಕೋಣೆಯಲ್ಲಿ ಗಂಡಸಿಗೇನು ಕೆಲಸವೆಂದು ಹಿರಿಯರು ಕೇಳುತ್ತಾರೆ. ದುಡಿದು ಹಾಕುವುದೇ ಆತನ ಧರ್ಮವೆನ್ನುವವರೂ ಉಂಟು. ಆದರೆ ಈ ಚಹಾ ತೋಟಗಳ ಸೀಮೆಯಲ್ಲಿ ಎಲೆ ಕೊಯ್ದು ದುಡಿಯುವವರು ಹೆಂಗಸರೂ ಅಹುದು. ದುಡಿಮೆಯೊಂದೇ ತಂದೆತನವಾದರೆ, ತಾಯಿಯು ಅದನ್ನೂ ಮಾಡಿ ಮುಗಿಸಿರುತ್ತಾಳೆ!

1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ರಜೆಯನ್ನು ಕೊಟ್ಟಿತು. ತಂದೆಯ ರಜೆಯ ಮಾತನ್ನು ಎತ್ತಲಿಲ್ಲ. ರಜೆಯು ಅವಶ್ಯಕವೇ ಸರಿ. ಆದರೆ ರಜೆಯಿಂದಲೇ ಮನಸ್ಸು ಬರುವುದಿಲ್ಲ. ಬಸುರಿಯ ಬಯಕೆಯನ್ನು ಕೇಳಿ ತಂದವನು, ಅವಳ ಭಯಕ್ಕೆ ಕಿವಿಗೊಟ್ಟವನು, ಆಸ್ಪತ್ರೆಗೆ ಜೊತೆಯಲ್ಲಿ ನಡೆದವನು ಕೂಸನ್ನೆತ್ತಲು ಅಂಜುವುದಿಲ್ಲ. ಮುನಿಸಿನಿಂದ ದೂರವುಳಿದವನು ಕೂಸಿನಿಂದಲೂ ದೂರವಾಗುತ್ತಾನೆ. ಏಕೆಂದರೆ ಮೊದಮೊದಲು ಕೂಸಿನೆಡೆಗೆ ಇರುವ ದಾರಿಯು ತಾಯಿಯ ಮಡಿಲಿನ ಮೂಲಕವೇ.

ಇಲ್ಲಿಯೇ ನೀತಿಯ ಪ್ರಶ್ನೆಯು ಏಳುತ್ತದೆ. ಗಂಡಹೆಂಡಿರ ವೈಮನಸ್ಯಕ್ಕೆ ಏನೂ ಅರಿಯದ ಶಿಶುವು ದಂಡ ತೆರುವುದು ನ್ಯಾಯವೆ? ಹೆಂಡತಿಯ ಮೇಲಿನ ಕೋಪವು ತಂದೆಯನ್ನು ತನ್ನ ಕರ್ತವ್ಯದಿಂದ ಬಿಡಿಸಲಾರದು. ಅಂತೆಯೇ, ಗಂಡನ ಮೇಲಿನ ಬೇಸರದಿಂದ ಮಗುವನ್ನು ಅವನಿಂದ ಮರೆಮಾಡುವುದೂ ಸಲ್ಲದು. ಹಿಂಸೆಯಿರುವ ಮನೆಯ ಮಾತು ಬೇರೆ; ಅಲ್ಲಿ ತಾಯಿಮಕ್ಕಳ ರಕ್ಷಣೆಯೇ ಮೊದಲು. ಉಳಿದೆಡೆಗಳಲ್ಲಿ, ಮುರಿದ ಮಾತನ್ನು ಮತ್ತೆ ಬೆಸೆಯುವುದಕ್ಕೆ ಆ ಒಂಬತ್ತು ತಿಂಗಳುಗಳಿಗಿಂತ ಒಳ್ಳೆಯ ಕಾಲವಿಲ್ಲ. ತೊಟ್ಟಿಲನ್ನು ಕೊಳ್ಳುವ ಮುನ್ನ ದಂಪತಿಗಳು ಮಾಡಬೇಕಾದ ಸಿದ್ಧತೆಯು ಇದೇ ಎಂದು ನಮ್ಮ ನಂಬಿಕೆ.